ಮೀನಿಲ್ಲದ ಮರಗೆಣಸು

ಚಾರ್ಮಾಡಿಗೆ ಬಂದ ವರ್ಷ ನನ್ನ ತಮ್ಮ ಜೋಯಿಯ ಕಾಲು ದಪ್ಪಗಾದಾಗ ನಾವೆಲ್ಲ ಸಂತೋಷಪಟ್ಟೆವು. ಹೊಸ ಊರಿನ ಗಾಳಿ ಮಗುವಿಗೆ ಒಗ್ಗಿತೆಂದು ಅಪ್ಪ ತಿರುವಾಂಕೂರಿಗೆ ಕಾಗದವನ್ನೂ ಬರೆದರು. ಅರವತ್ತರ ಆಸುಪಾಸು ರಬ್ಬರ್ ನೆಡಲು ಗುಡ್ಡ ಹುಡುಕಿಕೊಂಡು ಬಂದ ಕುಟುಂಬ ನಮ್ಮದು. ಆಗ ಜೋಯಿಗೆ ಮೂರು ವರ್ಷ, ನನಗೆ ಹನ್ನೊಂದು.

ಕೆಳಗಿನ ಮನೆಯ ದೇಜಕ್ಕ ಒಂದು ದಿನ ಅವನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ಇದು ಮೈ ಬಂದದ್ದಲ್ಲ ಮಾರಾಯ್ತಿ, ನೀರು. ಬೆಳ್ತಂಗಡಿ ಆಸ್ಪತ್ರೆಗೆ ಹೋಗುವ, ಈಗಲೇ."

"ಇವನಿಗೆ ಏನು ಕೊಡ್ತೀರಿ?" ಎಂದು ಡಾಕ್ಟರು ಕೇಳಿದರು. ಅಮ್ಮಚ್ಚಿಗೆ, ಅಂದರೆ ನಮ್ಮ ತಾಯಿಗೆ, ಕನ್ನಡ ಬಾರದು. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಾನೇ ಹೇಳಿದೆ: "ಕಪ್ಪ. ಮರಗೆಣಸು. ಮೂರು ಹೊತ್ತೂ."

"ಅದರ ಒಟ್ಟಿಗೆ?"

"ಉಪ್ಪು, ಮೆಣಸು."

"ಅದರಿಂದ ಹೊಟ್ಟೆ ತುಂಬ್ತದೆ, ಮೈ ಕಟ್ಟುವ ಸತ್ವ ಸಿಗುವುದಿಲ್ಲ. ಅದಕ್ಕೆ ಪ್ರೋಟೀನ್ ಅಂತ ಹೇಳ್ತೇವೆ. ಅದು ಕಮ್ಮಿಯಾದ್ರೆ ರಕ್ತದ ನೀರು ಸೋರಿ ಹೀಗೆ ಬಾವು ಬರ್ತದೆ. ಮೀನು, ಮೊಟ್ಟೆ, ಹುರುಳಿ, ಯಾವುದಾದ್ರೂ ದಿನಾ ಕೊಡಿ."

ಬಿಟ್ಟುಬಂದ ತಿರುವಾಂಕೂರಿನಲ್ಲಿ ಕಪ್ಪದ ಜೊತೆಗೆ ತಿನ್ನಲು ಹಿನ್ನೀರಿನ ಮೀನು ದಿನವೂ ಅಂಗಳಕ್ಕೇ ಬರುತ್ತಿತ್ತು. ನಮ್ಮನ್ನು ಸಾಕಿದ್ದು ಕಪ್ಪವೆಂದೇ ತಿಳಿದಿದ್ದೆವು. ಇಲ್ಲಿ ಒಣಮೀನು ಸಿಕ್ಕರೆ ಸಂತೆಯ ದಿನ; ಕೋಳಿಗಳನ್ನು ಕಾಡುಬೆಕ್ಕು ಬಿಟ್ಟಿರಲಿಲ್ಲ. ಉಳಿದದ್ದು ಹುರುಳಿ. ಅದು ಎತ್ತಿನ ಮೇವೆಂದು ಅಮ್ಮಚ್ಚಿ ಬೇಯಿಸಲು ಒಪ್ಪಲಿಲ್ಲ.

"ಎತ್ತೂ ತಿಂತದೆ, ನಾವೂ ತಿಂತೇವೆ. ಎತ್ತಿನ ಮೈ ನೋಡಿದ್ದೀಯಾ?" ಎಂದು ನನ್ನನ್ನು ಗದರಿಸಿ ದೇಜಕ್ಕ ಹುರುಳಿ ತಿನ್ನಿಸಲು ಅವನನ್ನು ದಿನವೂ ತಮ್ಮ ಮನೆಗೇ ಎತ್ತಿಕೊಂಡು ಹೋದರು.

ಕೆಲವು ದಿನಗಳಲ್ಲಿ ಬಾವು ಇಳಿಯಿತು. ಅದರ ಅಡಿಯಲ್ಲಿದ್ದ ಮಗು ಆಗ ಕಂಡಿತು, ಬರೀ ಎಲುಬು. ಹುರುಳಿ ತಿನ್ನಿಸಿ ಕೊಲ್ಲುತ್ತಿದ್ದಾರೆಂದು ಅಮ್ಮಚ್ಚಿ ಚೀರಿದರು. "ಇವನನ್ನು ಇಲ್ಲಿ ಮಣ್ಣು ಮಾಡಿದರೆ ಮತ್ತೆ ನನಗೆ ಇಲ್ಲಿರಲೂ ಆಗುವುದಿಲ್ಲ, ಬಿಟ್ಟು ಹೋಗಲೂ ಆಗುವುದಿಲ್ಲ" ಎನ್ನುತ್ತ ಊರಿಗೆ ಹೊರಡಲು ಗಂಟು ಕಟ್ಟಿದರು. ನಾನು ಅವನ ಪಾದವನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದೆ. ಕುಳಿ ಬೀಳುತ್ತಿರಲಿಲ್ಲ. ಅದನ್ನು ನಂಬಬೇಕೋ ಎಲುಬುಗಳನ್ನು ನಂಬಬೇಕೋ ತಿಳಿಯಲಿಲ್ಲ. ಭಾನುವಾರದವರೆಗೆ ನೋಡೋಣ ಎಂದರು ಅಪ್ಪ.

ಶನಿವಾರ ದೇಜಕ್ಕ ಬೆಂದ ಹುರುಳಿಯನ್ನು ನಮ್ಮ ಮನೆಗೇ ತಂದರು. ವಾರಗಟ್ಟಲೆ ನಗದೆ, ಹಠ ಮಾಡದೆ ಕುಳಿತಿದ್ದ ಜೋಯಿ ಬಟ್ಟಲು ಖಾಲಿ ಮಾಡಿ ಅಮ್ಮಚ್ಚಿಯತ್ತ ಚಾಚಿದ.

"ನನ ಒಂತೆ."

ದೇಜಕ್ಕನ ಜಗಲಿಯಲ್ಲಿ ಕಲಿತ ತುಳು. ಅಮ್ಮಚ್ಚಿ ಗಾಬರಿಯಿಂದ ನನ್ನ ಮುಖ ನೋಡಿದರು.

"ಇನ್ನೂ ಸ್ವಲ್ಪ ಬೇಕಂತೆ" ಎಂದೆ.

ಅವರು ಅಳುತ್ತಲೇ ಬಡಿಸಿದರು. ಸಂಜೆ ಗಂಟು ಬಿಚ್ಚಿದರು. ಮಗ ಉಳಿದ, ನಾವೂ ಉಳಿದೆವು. ಆದರೆ ಅವನ ಹಸಿವನ್ನು ಹೆತ್ತವಳಿಗೆ ತಿಳಿಸಲು ಅಂದಿನಿಂದ ನಡುವೆ ನಾನೊಬ್ಬಳು ಬೇಕಾಯಿತು.