ಬಂಡೆಯ ಮೇಲಿನ ಪಾಲು

ಅನುಮಾನ ಪಡುವುದರಲ್ಲಿ ಆರ್ವೆಲ್ ಎತ್ತಿದ ಕೈ. ಅಂಗಡಿಯ ತಕ್ಕಡಿ, ರೇಡಿಯೋದವರು ಹೇಳುವ ಮಳೆ, ಚರ್ಚಿನ ಊಟಕ್ಕೆ ಯಾರೋ ಮಾಡಿ ತಂದ ಆಲೂಗಡ್ಡೆ, ಯಾವುದನ್ನೂ ಅವನು ಸುಮ್ಮನೆ ಒಪ್ಪಿದವನಲ್ಲ. ಅರಿಜೋನಾದ ಉತ್ತರದಂಚಿನ ಕೆಂಪು ಬಂಡೆಗಳ ಮೇಲೆ ದನ ಮೇಯಿಸುತ್ತಲೇ ಮುದುಕನಾದವನು. ಕಣ್ಣು ಮುಚ್ಚಿ ನಂಬಿದ್ದೆಂದರೆ ತನ್ನ ಕೋವಿಯನ್ನು ಮತ್ತು ತನ್ನ ಹುಲ್ಲುಗಾವಲಿನ ಆಚೆ, ಬಂಡೆಯ ಗವಿಯಲ್ಲಿ ಗೂಡು ಮಾಡಿಕೊಂಡಿದ್ದ ಕಾಂಡೋರ್ ಜೋಡಿಯನ್ನು.

ಕಾಂಡೋರ್ ಅಂದರೆ ಬೋಳುತಲೆಯ ಭಾರೀ ರಣಹದ್ದು. ನೋಡಲು ಚೆಂದವೇನಲ್ಲ, ಆದರೆ ರೆಕ್ಕೆ ಬಿಚ್ಚಿ ತಲೆಯ ಮೇಲೆ ಹಾದರೆ ದನಗಳು ಕೂಡ ಮೇವು ಬಿಟ್ಟು ಕತ್ತೆತ್ತುತ್ತಿದ್ದವು. ಹೆಚ್ಚುಕಡಿಮೆ ಅಳಿದೇಹೋಗಿದ್ದ ಜಾತಿ. ಪಂಜರದಲ್ಲಿ ಮರಿ ಮಾಡಿಸಿ, ರೆಕ್ಕೆಗೆ ನಂಬರು ಕಟ್ಟಿ ಮತ್ತೆ ಆಕಾಶಕ್ಕೆ ಬಿಟ್ಟಿದ್ದರು. ನಂಬರು ಕಟ್ಟಿದವರ ಮೇಲೂ ಆರ್ವೆಲ್‌ಗೆ ಅನುಮಾನವೇ.

ಜಿಂಕೆ ಹೊಡೆದ ದಿನ ಅದರ ಕರುಳು, ಈಲಿ, ಗುಂಡು ತಗುಲಿ ಕೆಟ್ಟ ಮಾಂಸ ಎಲ್ಲವನ್ನೂ ಅವನು ಗವಿಯ ಎದುರಿನ ಚಪ್ಪಟೆ ಬಂಡೆಯ ಮೇಲೆ ಇಟ್ಟು ಬರುತ್ತಿದ್ದ. ಬೆಟ್ಟದಿಂದ ತೆಗೆದುಕೊಂಡವನು ಬೆಟ್ಟಕ್ಕೊಂದು ಪಾಲು ಇಡಬೇಕು ಅನ್ನುವುದು ಅಪ್ಪನ ಕಾಲದ ಕಟ್ಟಳೆ. ಬರಬರುತ್ತಾ ಹಕ್ಕಿಗಳಿಗೂ ಅದು ರೂಢಿಯಾಗಿ, ಕೋವಿಯ ಸದ್ದು ಕೇಳಿದರೆ ಸಾಕು, ಊಟಕ್ಕೆ ಕರೆದಂತೆ ಬಂದು ಕೂರುತ್ತಿದ್ದವು.

ಆ ಅಕ್ಟೋಬರಿನಲ್ಲಿ ಹೆಣ್ಣುಹಕ್ಕಿ ಸತ್ತುಬಿತ್ತು. ಗವಿಯಲ್ಲಿ ಇನ್ನೂ ಹಾರಲು ಬಾರದ ಮರಿ. ಹಕ್ಕಿಗಳನ್ನು ನೋಡಿಕೊಳ್ಳುವ ಮರಿಸೆಲಾ ಎಂಬ ಹುಡುಗಿ ಹೆಣವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಆರ್ವೆಲ್ ಬೇಲಿಯಾಚೆ ಬೆರಳು ತೋರಿಸಿದ.

“ನೋಡಮ್ಮಾ, ಆ ಡೆಲ್ಮರ್ ಇದಾನಲ್ಲ, ಕುರಿ ಸಾಕೋನು, ಕಯೋಟಿ ನರಿಗಳಿಗೆ ವಿಷ ಇಡ್ತಾನೆ. ಅದನ್ನ ತಿಂದಿದೆ ಇದು.”

“ನೀವು ಕಣ್ಣಾರೆ ನೋಡಿದೀರಾ?”

“ಹೊಗೆ ನೋಡಿದ್ರೆ ಸಾಕಲ್ವಾ, ಬೆಂಕಿಗೆ ಕೈ ಇಟ್ಟೇ ನೋಡ್ಬೇಕಾ?”

ಭಾನುವಾರ ಚರ್ಚಿನ ಬಾಗಿಲಲ್ಲೇ ಡೆಲ್ಮರ್‌ನನ್ನು ತಡೆದ. ಜನ ನಿಂತು ನೋಡುತ್ತಿದ್ದರು. “ಬ್ರದರ್ ಡೆಲ್ಮರ್, ಕೈ ತೊಳ್ಕೊಂಡು ಬಂದ್ಯಾ? ವಿಷದ ಕೈಯಲ್ಲಿ ಪ್ರಸಾದದ ರೊಟ್ಟಿ ಮುಟ್ಬೇಡ.”

ಡೆಲ್ಮರ್‌ನ ಕಿವಿಗಳು ಕೆಂಪಾದವು. “ನಿನ್ನ ಬಾಯಿಗಿಂತ ದೊಡ್ಡ ವಿಷ ಈ ಸೀಮೇಲೇ ಇಲ್ಲ ಬಿಡು,” ಎಂದು ಹೆಂಡತಿಯ ಕೈ ಹಿಡಿದು ಒಳಗೆ ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡ ಆರ್ವೆಲ್. ಅಂದಿನಿಂದ ದುರ್ಬೀನು ಹಿಡಿದು ಡೆಲ್ಮರ್‌ನ ಅಂಗಳವನ್ನು ಕಾಯುವುದೇ ಅವನ ಕೆಲಸವಾಯಿತು. ಡೆಲ್ಮರ್ ಬಕೆಟ್ಟು ಎತ್ತಿದರೂ ಅನುಮಾನ, ಇಳಿಸಿದರೂ ಅನುಮಾನ.

ಇತ್ತ ಗಂಡುಹಕ್ಕಿ ಒಂಟಿಯಾಗಿ ಮೇವು ಹುಡುಕುತ್ತಾ, ಗವಿಗೂ ಬಯಲಿಗೂ ಅಲೆಯುತ್ತಿತ್ತು. ಹೆಂಡತಿಯನ್ನು ಮಣ್ಣು ಮಾಡಿದ ವರ್ಷ ತಾನು ಒಬ್ಬನೇ ಒಲೆ ಹಚ್ಚಿದ್ದು ಆರ್ವೆಲ್‌ಗೆ ನೆನಪಾಯಿತು. ಸೋಮವಾರ ಜಿಂಕೆ ಹೊಡೆದವನು ಕರುಳಿನ ಜೊತೆಗೆ ಒಂದು ಇಡೀ ಮುಂಗಾಲನ್ನೂ ಬಂಡೆಯ ಮೇಲಿಟ್ಟ. “ತಿನ್ನೋ, ಮಗೂಗೂ ಕೊಡು,” ಎಂದು ಹೇಳಿ ಬಂದ.

ಮಾರನೆಯ ದಿನ ಮರಿಸೆಲಾ ಬಂದಳು. ಸತ್ತ ಹಕ್ಕಿಯ ಎಕ್ಸರೇ ಮಾಡಿಸಿದ್ದಳು. “ವಿಷ ಅಲ್ಲ ಆರ್ವೆಲ್ ಅವರೇ. ಹೊಟ್ಟೇಲಿ ಸೀಸ. ಮಾಂಸದ ಜೊತೆ ಒಳಗೆ ಹೋದ ಗುಂಡಿನ ಚೂರು. ಅದು ರಕ್ತಕ್ಕೆ ಇಳಿದು ಕೊಂದಿದೆ.”

“ಹಂಗಾದ್ರೆ ಡೆಲ್ಮರ್ ಗುಂಡು ಅದು. ನಂದು ಈ ಕಡೆ ಹೊಕ್ಕು ಆ ಕಡೆ ಹೋಗುತ್ತೆ. ಚೂರು ಉದುರಿಸೋಕೆ ಅದೇನು ಬಿಸ್ಕತ್ತಾ?”

“ನಿಮ್ಮ ಫ್ರಿಜ್ಜಿನ ಮಾಂಸ ಕೊಡಿ. ನೋಡೇಬಿಡೋಣ.”

ತನ್ನನ್ನೇ ಅನುಮಾನಿಸುತ್ತಾಳಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಸೋಮವಾರದ ಜಿಂಕೆಯ ಉಳಿದ ಮುಂಗಾಲನ್ನು ಮೇಜಿನ ಮೇಲೆ ದಪ್ಪೆಂದು ಹಾಕಿದ. “ತಗೊಂಡೋಗು ತಾಯಿ. ಏನೂ ಸಿಗದಿದ್ರೆ ಬಂದು ನನ್ನ ಮುಂದೆ ತಪ್ಪಾಯ್ತು ಅನ್ಬೇಕು.”

ಗುರುವಾರ ಅವಳು ಆ ಮಾಂಸದ ಎಕ್ಸರೇ ಚಿತ್ರ ತಂದು ಕಿಟಕಿಯ ಬೆಳಕಿಗೆ ಹಿಡಿದಳು. ಗುಂಡು ಹೊಕ್ಕ ಜಾಗದಿಂದ ಗೇಣು ದೂರದವರೆಗೂ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು.

“ನಿಮ್ಮ ಯಂತ್ರ ಕೊಳೆ ಹಿಡಿದಿದೆ.”

“ಎರಡು ಸಲ ತೆಗೆಸಿದೆ. ಗುಂಡು ಆಚೆ ಹೋಗುತ್ತೆ, ನಿಜ. ಹೋಗ್ತಾ ಹೋಗ್ತಾ ಸವೆದು ಮಾಂಸದಲ್ಲೆಲ್ಲ ಉದುರುತ್ತೆ.”

ಆರ್ವೆಲ್ ಹೆಬ್ಬೆರಳಿನಿಂದ ಒಂದು ಚುಕ್ಕೆಯನ್ನು ಉಜ್ಜಿದ. ಮತ್ತೊಂದನ್ನು ಉಜ್ಜಿದ. ಒಂದೂ ಅಳಿಸಿಹೋಗಲಿಲ್ಲ. “ಇನ್ನೊಂದು ಕಾಲು...” ಎಂದ. “ಅದನ್ನ ಅವನಿಗೆ ಹಾಕಿಬಿಟ್ಟಿದೀನಲ್ಲಮ್ಮಾ!”

ಇಬ್ಬರೂ ಹೋಗಿ ನೋಡಿದರೆ ಬಂಡೆಯ ಮೇಲೆ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ. ಗಂಡುಹಕ್ಕಿ ಪಕ್ಕದ ಪೊದೆಯ ಬುಡದಲ್ಲಿ ರೆಕ್ಕೆ ಜೋಲುಬಿಟ್ಟುಕೊಂಡು ಕೂತಿತ್ತು. ಮರಿಸೆಲಾಳನ್ನು ಕಂಡು ತತ್ತರಿಸಿ ಹಿಂದೆ ಸರಿಯಿತು. ಆರ್ವೆಲ್ ಮುಂದೆ ಹೋದ. ಅವನನ್ನು ಕಂಡದ್ದೇ, ಅನ್ನ ಹಾಕುವವನು ಬಂದ ಎಂದು, ಕುಂಟುತ್ತಾ ಕುಂಟುತ್ತಾ ಅವನ ಬೂಟಿನವರೆಗೂ ಬಂತು. ಅವನು ಕಂಬಳಿ ಹಾಕಿ ಹಿಡಿದ. ಹೊಡೆದಾಡಲೂ ಇಲ್ಲ ಆ ಪ್ರಾಣಿ. ಅದು ಕಚ್ಚಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಮರಿಸೆಲಾಳ ಗಾಡಿ ಮರಳಿನಲ್ಲಿ ಹೂತುಹೋಯಿತು. ಎಳೆಯಲು ಟ್ರ್ಯಾಕ್ಟರ್ ತಂದವನು ಡೆಲ್ಮರ್. ಹತ್ತಿರದಲ್ಲಿ ಬೇರೆ ಯಾರ ಮನೆಯೂ ಇಲ್ಲ. ಪೆಟ್ಟಿಗೆಯಲ್ಲಿದ್ದ ಹಕ್ಕಿಯನ್ನು ನೋಡಿ, ಬಯ್ಗುಳಕ್ಕೆ ಕಾದವನಂತೆ ಹಲ್ಲು ಕಚ್ಚಿ ನಿಂತ.

“ನಾನೇ ಹಾಕಿದ್ದು ಡೆಲ್ಮರ್,” ಎಂದ ಆರ್ವೆಲ್. “ಇವನಿಗೂ, ಅವಳಿಗೂ. ಮಗೂಗೂ ಎಷ್ಟು ಹೋಗಿದ್ಯೋ ಗೊತ್ತಿಲ್ಲ.”

ಡೆಲ್ಮರ್ ಅವನನ್ನು ಒಮ್ಮೆ ನೋಡಿ, ಹಗ್ಗ ಬಿಗಿದು ಗಾಡಿಯನ್ನು ಮರಳಿನಿಂದ ಎಳೆದ. ಹಕ್ಕಿ ಬದುಕುತ್ತದೋ ಇಲ್ಲವೋ ತಿಳಿಯಲು ವಾರ ಬೇಕು, ಸಂಜೆ ಬೇರೆಯವರು ಬಂದು ಗವಿಗಿಳಿದು ಮರಿಯ ರಕ್ತ ನೋಡುತ್ತಾರೆ, ಅದಕ್ಕೆ ಮೇವನ್ನೂ ಅವರೇ ಇಳಿಸುತ್ತಾರೆ ಎಂದು ಹೇಳಿ ಮರಿಸೆಲಾ ಗಾಡಿ ಓಡಿಸಿದಳು. ಇಬ್ಬರೇ ಉಳಿದರು.

“ಮರಿಗೆ ನೀನೇ ಏನಾದ್ರೂ ಕೊಡ್ತೀಯಾ?” ಎಂದು ಕೇಳಿದ ಡೆಲ್ಮರ್.

“ನನ್ನ ಕೈಯಿಂದ ಏನೂ ಬೇಡ. ನಿನ್ನ ಮಂದೇಲಿ ತಾನಾಗಿ ಸತ್ತ ಕುರಿ ಇದ್ರೆ ಕೊಡು, ಸಂಜೆ ಬರೋರ ಕೈಗೆ ಒಪ್ಪಿಸ್ತೀನಿ.”

“ನನ್ನ ಕುರಿನಾ? ವಿಷ ಇದ್ರೆ?”

ಆರ್ವೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ನೀನು ಕೊಟ್ರೆ ನೋಡದೇ ತಗೋತೀನಿ,” ಎಂದ.