ಅಳತೆಗೆ ನಿಂತವಳು

ಕೊಟ್ಟೂರಿನಲ್ಲಿ ಯಾರಾದರೂ ತೀರಿಕೊಂಡರೆ ಹೂವಿನ ಅಂಗಡಿಗಿಂತ ಮೊದಲು ಮರುಳಪ್ಪನ ಫೋಟೋ ಸ್ಟುಡಿಯೋದ ಬಾಗಿಲು ಬಡಿಯುತ್ತಿದ್ದರು. ಮದುವೆಯ ಗುಂಪಿನ ಫೋಟೋದಿಂದ ಸತ್ತವರ ತಲೆಯೊಂದನ್ನೇ ಬಿಡಿಸಿ, ದೊಡ್ಡದು ಮಾಡಿ, ಬಿಚ್ಚಿದ ಗುಂಡಿಯನ್ನು ಬ್ರಷ್ಷಿನಲ್ಲೇ ಹಾಕಿ, ಬದುಕಿದ್ದಾಗ ಒಮ್ಮೆಯೂ ನಗದವರ ತುಟಿಯಂಚಿಗೆ ಚೂರು ನಗೆ ಹಚ್ಚಿ ಕೊಡುವುದರಲ್ಲಿ ಅವನ ಕೈ ಪಳಗಿತ್ತು. "ಮರುಳಪ್ಪನ ಕೈಯಾಗ ಸಿಕ್ರ ಸತ್ತವ್ರೂ ಸುಧಾರಸ್ತಾರ" ಎಂದು ಊರವರು ಹೇಳುತ್ತಿದ್ದರು. ಅದು ಹೊಗಳಿಕೆಯೆಂದೇ ಅವನು ತಿಳಿದಿದ್ದ.

ಅಂಥ ಮರುಳಪ್ಪನ ಹೆಂಡತಿ ದಾಕ್ಷಾಯಣಮ್ಮ 2005ರ ಬೇಸಿಗೆಯಲ್ಲಿ ಮಧ್ಯಾಹ್ನ ಉಂಡು ಮಲಗಿದವಳು ಏಳಲೇ ಇಲ್ಲ. ಮಣ್ಣು ಮಾಡಿ ಬಂದ ಮೇಲೆ, ಶಿವಗಣಾರಾಧನೆಯ ದಿನ ಪೂಜೆಗಿಡಲು ಒಂದು ಫೋಟೋ ಬೇಕಲ್ಲ ಎಂದು ಹುಡುಕಿದರೆ, ಫೋಟೋ ಸ್ಟುಡಿಯೋದವನ ಮನೆಯಲ್ಲಿ ಆಕೆಯ ಮುಖವಿರುವ ಒಂದೇ ಒಂದು ಫೋಟೋ ಇರಲಿಲ್ಲ.

ಮದುವೆಯದೊಂದು ಇತ್ತು. ಅದರಲ್ಲಿ ಮರುಳಪ್ಪ ಎದೆ ಸೆಟೆಸಿ ಕೂತಿದ್ದಾನೆ. ಪಕ್ಕದಲ್ಲಿ ಬಾಸಿಂಗದ ಕೆಳಗೆ ಬಗ್ಗಿದ ತಲೆಯೊಂದಿದೆ, ಅದು ದಾಕ್ಷಾಯಣಮ್ಮನದೇ ಎಂದು ನಂಬಬೇಕು. ಮಗಳು ಸುಮಲತಾಳ ಮದುವೆಯ ಆಲ್ಬಮ್ಮಿತ್ತು. ಹಗರಿಬೊಮ್ಮನಹಳ್ಳಿಯ ಬೀಗರ ಕಡೆಯ ಕಟ್ಟಕಡೆಯ ಕೂಸೂ ಅದರಲ್ಲಿದೆ; ತಾಯಿ ಮಾತ್ರ ಒಂದರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಇನ್ನೊಂದರಲ್ಲಿ ಬೀಗರ ರುಮಾಲಿನ ಹಿಂದೆ ಮುಳುಗಿದ್ದಾಳೆ, ಉಳಿದವುಗಳ ಹೊತ್ತಿಗೆ ಅಡುಗೆಯವರನ್ನು ವಿಚಾರಿಸಲು ಹೋಗಿದ್ದಳು. ಚುನಾವಣೆಯ ಗುರುತಿನ ಚೀಟಿಯಲ್ಲಿ ಮುಖವೇನೋ ಇತ್ತು. ದೊಡ್ಡದು ಮಾಡಿದಾಗ ಅದು ಚುಕ್ಕೆ ಚುಕ್ಕೆಯಾಗಿ ಒಡೆದು, ಹುರಿದ ರಾಗಿ ಚೆಲ್ಲಿದಂತಾಯಿತು.

"ಊರ ಮಂದಿ ಮಾರಿ ಎಲ್ಲಾ ತಗದಿ. ಮನ್ಯಾಗಿದ್ದಾಕಿ ಮಾರಿ ತಗ್ಯಾಕ ನಿನಗ ರೀಲು ಸಾಲಲಿಲ್ಲೇನೋ ಮರುಳಾ?" ಎಂದಳು ಅವನ ಅಕ್ಕ ಗಾದೆಮ್ಮ.

"ದಿನಾ ಕಣ್ಣ ಮುಂದನ ಇದ್ಲಲ್ಲಕ್ಕಾ" ಎಂದ ಮರುಳಪ್ಪ. ಹೇಳಿದ ಮೇಲೆ ಅದು ಎಂಥ ಉತ್ತರವೆಂದು ಅವನಿಗೇ ತಿಳಿಯಲಿಲ್ಲ.

ಆಗ ಸುಮಲತಾ ಮೂಗೊರೆಸಿಕೊಂಡು, "ಯಪ್ಪಾ, ಗುಡಿ ಫೋಟೋದಾಗ ಅವ್ವ ಅದಾಳಲ್ಲ! ಮಾಗಳದ ಫೋಟೋದಾಗ ಈ ಕಡಿಗೇ ನೋಡ್ಯಾಳ. ಸಾಲಿಗಿ ಹೋಗಾಗ ನೋಡಿದ್ನೆಪ್ಪ ನಾ" ಎಂದಳು.

ಮರುಳಪ್ಪ ಎದ್ದು ಅಂಗಳಕ್ಕೆ ಹೋಗಿ, ಕಾರಣವಿಲ್ಲದೆ ನಲ್ಲಿ ತಿರುವಿ ನೋಡಿದ. ನೀರಿರಲಿಲ್ಲ.

ಅದು 1995ರ ಮಾತು. ಹಂಪಿಗೆ ಬಂದವರು ಹೊಸಪೇಟೆಯಲ್ಲಿ ಇಡ್ಲಿ ತಿಂದು ಬಂದ ದಾರಿಯಲ್ಲೇ ವಾಪಸಾಗುತ್ತಾರೆ, ಪಶ್ಚಿಮದ ತಾಲೂಕುಗಳ ಕಡೆ ಒಬ್ಬರೂ ಹೊರಳುವುದಿಲ್ಲ ಎಂದು ಯಾರಿಗೋ ಸಂಕಟವಾಗಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಸಮಿತಿ ಹುಟ್ಟಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿನ ಹಳೆಯ ಗುಡಿಗಳನ್ನೆಲ್ಲ ಸೇರಿಸಿ ಪ್ರವಾಸಿಗರಿಗೊಂದು ಕೈಪಿಡಿ ತರುವುದು ಅದರ ಉದ್ದೇಶ. ನಮ್ಮ ಕಡೆಯ ಗುಡಿಗಳು ಹಂಪಿಗಿಂತ ಮೂರುನಾಲ್ಕು ನೂರು ವರ್ಷ ಹಿರಿಯವು, ನಿಜ. ಆದರೆ ಹಿರಿತನ ನೋಡಿ ಯಾರು ಬರುತ್ತಾರೆ? ಗಾಡಿ ನಿಲ್ಲಿಸಲು ನೆರಳು, ಕುಡಿಯಲು ತಣ್ಣಗಿನದೇನಾದರೂ ಇದ್ದರೆ ಬರುತ್ತಾರೆ. ನಮ್ಮಲ್ಲಿ ಗುಡಿಯ ಬೀಗದ ಕೈ ಇಟ್ಟುಕೊಂಡವನು ಹೊಲಕ್ಕೆ ಹೋಗಿರುತ್ತಾನೆ, ಹೊಲ ಎಲ್ಲಿದೆಯೆಂದು ಬಲ್ಲವನು ಸಂತೆಗೆ ಹೋಗಿರುತ್ತಾನೆ.

ಫೋಟೋ ತೆಗೆಯುವ ಕೆಲಸ ಮರುಳಪ್ಪನಿಗೆ ಬಂತು. ಶಿಲ್ಪ ಎಷ್ಟು ದೊಡ್ಡದೆಂದು ತಿಳಿಯಲು ಪಕ್ಕದಲ್ಲೊಂದು ಅಳತೆಗೋಲು ಇರಬೇಕೆಂದು ಸಮಿತಿಯ ಸಾಹೇಬರು ಹೇಳಿದ್ದರು. ಬಡಿಗೇರನ ಹತ್ತಿರ ಕೋಲು ಮಾಡಿಸಿ, ಕಪ್ಪು ಬಿಳುಪು ಪಟ್ಟೆ ಹೊಡೆದು, ಮೊದಲ ದಿನವೇ ಅದನ್ನು ಹಡಗಲಿಯ ಬಸ್ಸಿನಲ್ಲಿ ಬಿಟ್ಟು ಇಳಿದ. ಮಾಗಳದ ವೇಣುಗೋಪಾಲನನ್ನು ನೋಡಬೇಕು, ಹಾಗೇ ಹೊಳೆಯಲ್ಲಿ ಕಾಲು ಅದ್ದಿ ಬರಬೇಕು ಎಂದು ದಾಕ್ಷಾಯಣಮ್ಮನೂ ಅಂದು ಜೊತೆಗೆ ಬಂದಿದ್ದಳು. ಆಕೆ ಸರಿಯಾಗಿ ಐದಡಿ.

"ಕಂಬದ ಬಾಜೂಕ ನಿಂದ್ರು. ಕೋಲು ಅಂತ ತಿಳಕೋ."

"ಏನ್ರೀ, ಮದಿವಿ ಆದಾಗಿಂದ ಹಂಗ ತಿಳಕೊಂಡೀರಲ್ಲ" ಎಂದಳು ದಾಕ್ಷಾಯಣಮ್ಮ, ನಗುತ್ತ, ಕ್ಯಾಮೆರಾ ನೋಡುತ್ತ. ಅವನು ಕ್ಲಿಕ್ ಮಾಡಿದ. ಆ ರೀಲು ಮುಗಿಯುವವರೆಗೂ ಆಕೆ ಹಾಗೇ ನಿಂತಳು. ಹೊಳೆಯ ಗಾಳಿಗೆ ಸೆರಗು ಹಾರದಂತೆ ಒಂದು ಕೈಯಲ್ಲಿ ಹಿಡಿದು, ಮುಖವನ್ನು ಪೂರಾ ಬೆಳಕಿಗೆ ಕೊಟ್ಟು.

ಸಾಹೇಬರು ಪ್ರಿಂಟುಗಳನ್ನು ನೋಡಿ ಕನ್ನಡಕ ತೆಗೆದರು. "ಮರುಳಪ್ಪನವರೇ, ಶಿಲ್ಪ ಚೆನ್ನಾಗಿ ಬಂದಿದೆ. ಆದರೆ ನೋಡುವವರ ಕಣ್ಣು ಮೊದಲು ಅಮ್ಮನವರ ಮುಖಕ್ಕೇ ಹೋಗುತ್ತಲ್ಲ! ಮನುಷ್ಯರಿರಲಿ, ಮುಖ ಬೇಡ."

ಇನ್ನೊಮ್ಮೆ ಮಾಗಳಕ್ಕೆ ಹೋಗುವ ಬದಲು ಮರುಳಪ್ಪ ತನ್ನ ವಿದ್ಯೆ ತೋರಿಸಿದ. ನೆಗೆಟಿವಿನ ಮೇಲಿನ ಲೇಪವನ್ನು ಬ್ಲೇಡಿನ ತುದಿಯಿಂದ ಹಗುರಾಗಿ ಕೆರೆದರೆ ಪ್ರಿಂಟಿನಲ್ಲಿ ಆ ಜಾಗ ಕಪ್ಪಾಗುತ್ತದೆ. ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಸಾಸಿವೆ ಕಾಳಿನಷ್ಟಿದ್ದ ಮುಖವನ್ನು ರೀಲಿನ ಒಂದೊಂದು ಚೌಕದಲ್ಲೂ ಕೆರೆದ. ಹೊಸ ಪ್ರಿಂಟು ಹಾಕಿದಾಗ ಸೆರಗಿನೊಳಗೆ ನೆರಳು ಮಾತ್ರ ಇತ್ತು, ಕಂಬದ ನೆರಳಿನ ಜೊತೆ ಎಷ್ಟು ಹದವಾಗಿ ಕೂಡಿಕೊಂಡಿತ್ತೆಂದರೆ ಅವನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಒಯ್ದು ತೋರಿಸಿದ.

"ನೋಡು, ಮಾರಿ ಇದ್ದಿದ್ದ ಗೊತ್ತಾಗಂಗಿಲ್ಲ!"

ದಾಕ್ಷಾಯಣಮ್ಮ ಹಿಟ್ಟಿನ ಕೈಯನ್ನು ದೂರ ಹಿಡಿದು ಬಗ್ಗಿ ನೋಡಿದಳು. "ಹೌದ್ರಿ. ಗೊತ್ತಾಗಂಗಿಲ್ಲ" ಎಂದು ರೊಟ್ಟಿ ತಟ್ಟಲು ಕೂತಳು.

ಮುಂದಿನದೆಲ್ಲ ಸಲೀಸು. ಕೋಗಳಿಯ ಬಸದಿಯಲ್ಲಿ, ಅಂಬಳಿಯಲ್ಲಿ, ಹಿರೇಹಡಗಲಿಯಲ್ಲಿ ಆಕೆ ಕ್ಯಾಮೆರಾಕ್ಕೆ ಬೆನ್ನು ಕೊಟ್ಟು, ಕಲ್ಲಿಗೆ ಮುಖ ಮಾಡಿ ನಿಂತಳು. ಕೋಗಳಿಯ ಎತ್ತರದ ಜಿನನ ಪಕ್ಕದಲ್ಲಿ ನಿಲ್ಲಿಸಿದಾಗ ಮಾತ್ರ, "ಬಟ್ಟಿ ಇಲ್ಲದ ದೇವರ ಮಗ್ಗಲಾಗ ನನ್ನ ನಿಂದ್ರಸೀರಿ, ನಿಮಗೇನೂ ಅನಸಂಗಿಲ್ಲೇನ್ರೀ?" ಎಂದಿದ್ದಳು. ಅವನು ಆಕೆಗೆ ಹೇಳುತ್ತಿದ್ದುದು ಒಂದೇ ಮಾತು: "ಅಲುಗಬ್ಯಾಡ."

ಹರಪನಹಳ್ಳಿ ಕಡೆಯ ಬಾಗಳಿಯಲ್ಲಿ ಆಕೆ ಅಲುಗಿದಳು. ಸಾಲುಕಂಬಗಳ ನಡುವೆ ನಿಂತವಳು ಕೈಯೆತ್ತಿ ಕಂಬದ ಮೇಲೆ ಏನನ್ನೋ ಮುಟ್ಟಿ, "ಏನ್ರೀ, ಇಲ್ಲೊಂಚೂರು ಬರ್ರಿ, ಇದನ್ನ ನೋಡ್ರಿ" ಎಂದಳು.

"ಅಲುಗಬ್ಯಾಡಂದ್ನಲ್ಲ! ಬಿಸಿಲು ಹೊಂಟೈತಿ. ಆಮ್ಯಾಲೆ ನೋಡ್ತೀನಿ."

ಆಮೇಲೆ ಬಸ್ಸು ಬಂತು.

1997ರಲ್ಲಿ ಹರಪನಹಳ್ಳಿ ತಾಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಹೋಯಿತು. ಗುಡಿಗಳು ಇದ್ದಲ್ಲೇ ಇದ್ದವು. ಕೈಪಿಡಿಯಿಂದ ಮಾತ್ರ ಬಾಗಳಿಯ ಪುಟ ಹಾರಿತು. ಕೊನೆಗೆ ಅಚ್ಚಾದದ್ದು ಪಂಚಾಂಗಕ್ಕಿಂತ ತೆಳುವಾದ ಒಂದು ಪುಸ್ತಕ. ಮಸಿ ಹೆಚ್ಚಾಗಿ ಮಾಗಳದ ಚಿತ್ರದಲ್ಲಿ ದಾಕ್ಷಾಯಣಮ್ಮನ ಸೀರೆಯೂ ಕತ್ತಲಲ್ಲಿ ಕರಗಿತ್ತು. ಕೆಳಗಿನ ಸಾಲು ಮಾತ್ರ ಸ್ಪಷ್ಟವಾಗಿತ್ತು: 'ಪಕ್ಕದಲ್ಲಿರುವ ವ್ಯಕ್ತಿಯ ಎತ್ತರ ಐದು ಅಡಿ.' ಆಕೆಯ ಬಗ್ಗೆ ಲೋಕದಲ್ಲಿ ಅಚ್ಚಾದದ್ದು ಅಷ್ಟೇ. ಸಾಹೇಬರು ವರ್ಗವಾದರು, ಅವರ ಹತ್ತಿರವಿದ್ದ ಮೊದಲ ಪ್ರಿಂಟುಗಳು ಯಾವ ಗೆದ್ದಲಿನ ಪಾಲಾದವೋ.

ಈಗ ಮಗಳಿಗೆ ಇದನ್ನೆಲ್ಲ ಹೇಳಲು ಬಾಯಿ ಬರದೆ, ಮರುಳಪ್ಪ ಸ್ಟುಡಿಯೋದ ಕತ್ತಲೆಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ಮಾಗಳದ ರೀಲು ಸಿಕ್ಕಿತು. ಒಂದೊಂದೇ ಚೌಕವನ್ನು ದೀಪಕ್ಕೆ ಹಿಡಿದ. ಒಂದನ್ನಾದರೂ ಮರೆತಿರಬಾರದೆ? ಬೇಸತ್ತು ಒಂದನ್ನಾದರೂ ಅರೆಬರೆ ಬಿಟ್ಟಿರಬಾರದೆ? ಜೀವಮಾನದಲ್ಲಿ ಮೊದಲ ಸಲ, ತನ್ನ ಕೆಲಸ ಕೆಟ್ಟಿರಲಿ ದೇವರೇ ಎಂದು ಬೇಡಿಕೊಂಡ. ಕೆಟ್ಟಿರಲಿಲ್ಲ. ಒಂದಕ್ಕಿಂತ ಒಂದು ಅಚ್ಚುಕಟ್ಟಾಗಿತ್ತು.

ಹೊರಗೆ ಬಂದಾಗ ಗಾದೆಮ್ಮ ಬಿಡಲಿಲ್ಲ. "ಊರ ಹೆಣಕ್ಕೆಲ್ಲ ಮೂಗು ಕಣ್ಣು ತಿದ್ದಿ ಕೊಟ್ಟಿ. ಹೇಣ್ತಿದು ಬರಕೊಡು ನೋಡಾನ."

ಬರೆಯಲು ಕೂತ. ಸೀರೆ ಬಂತು, ಸೆರಗಿನ ಅಂಚು ಬಂತು, ಕಿವಿಯ ಬೆಂಡೋಲೆ ಬಂತು. ಹುಬ್ಬಿಗೆ ಬಂದಾಗ ಬ್ರಷ್ಷು ನಿಂತಿತು. ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಬೆನ್ನು, ತುರುಬು, ಒಡೆದ ಹಿಮ್ಮಡಿ. ಬೇರೆಯವರ ಹೆಂಡಿರ ಮುಖಗಳೆಲ್ಲ ನೆನಪಿಗೆ ಬಂದವು. ಅವರನ್ನು ಕ್ಯಾಮೆರಾದಲ್ಲಿ ನೋಡಿದ್ದ. ಹೇಗೋ ಮುಗಿಸಿ ಮಗಳ ಕೈಗೆ ಕೊಟ್ಟ.

ಸುಮಲತಾ ಬಹಳ ಹೊತ್ತು ನೋಡಿದಳು. "ಯಾರ ಯಪ್ಪಾ ಈಕಿ?"

ಅವನೂ ನೋಡಿದ. ಊರಿನ ಸತ್ತವರಿಗೆಲ್ಲ ಹಚ್ಚಿ ಕೊಟ್ಟಿದ್ದ ಅದೇ ನಗೆ. ಹರಿದು ಒಲೆಗೆ ಹಾಕಿದ.

ಶಿವಗಣಾರಾಧನೆಯ ದಿನ ಕಟ್ಟು ಹಾಕಿಸಿ ಇಟ್ಟದ್ದು ಬಾಗಳಿಯ ಫೋಟೋ. ಕಂಬಕ್ಕೆ ಮುಖ ಮಾಡಿ, ಕೈಯೆತ್ತಿ ನಿಂತ ಹೆಣ್ಣಿನ ಬೆನ್ನು. ಪೂಜೆಗೆ ಬಂದ ಅಯ್ಯನವರು ವಿಭೂತಿಯ ಬೆರಳು ಮುಂದೆ ಮಾಡಿ, ಎಲ್ಲಿ ಹಚ್ಚಬೇಕೆಂದು ತಿಳಿಯದೆ ತಡೆದರು. "ಅಕ್ಕಾರು ಸಿಟ್ಟಿಲೆ ಗ್ವಾಡಿ ಕಡಿ ತಿರುಗ್ಯಾರೇನು?" ಎಂದು ಬಡಿಸುವವರಲ್ಲಿ ಒಬ್ಬ ಪಿಸುಗುಟ್ಟಿದ. ಹತ್ತಿರವಿದ್ದವರು ನಗು ನುಂಗಿದರು. ಗಾದೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಯ್ಯನವರು ಕೊನೆಗೆ ಗಾಜಿನ ಮೇಲಂಚಿಗೆ ಮೂರು ಗೆರೆ ಎಳೆದು ಕೈ ತೊಳೆದರು. ಬಂದವರು ಊಟ ಚಲೋ ಆಗಿತ್ತೆಂದು ಹೇಳಿ ಹೋದರು.

ಬಂಧುಗಳೆಲ್ಲ ಊರು ಸೇರಿದ ಮೇಲೆ ಮರುಳಪ್ಪ ಒಂದು ದಿನ ಬಾಗಳಿಗೆ ಹೋದ, ಕ್ಯಾಮೆರಾ ಇಲ್ಲದೆ. ಗುಡಿಯಲ್ಲಿ ಬಾವಲಿಯ ವಾಸನೆ, ಒಂದು ನಾಯಿ. ಫೋಟೋದಲ್ಲಿದ್ದ ಕಂಬವನ್ನು ಗುರುತು ಹಿಡಿದು ಆಕೆ ನಿಂತಲ್ಲಿ ನಿಂತ. ಕಾಣುವುದೆಲ್ಲ ಆಕೆಗೆ ಕಂಡದ್ದಲ್ಲ, ಅವನು ಉದ್ದ. ಮೊಣಕಾಲು ಬಗ್ಗಿಸಿ ಐದಡಿಯಾದ. ಅಲ್ಲೊಂದು ಪುಟ್ಟ ಹಂಸವಿತ್ತು, ಕೊಕ್ಕು ಮುರಿದದ್ದು. ಒಂದು ಬಳ್ಳಿಯಿತ್ತು. ಅವೆರಡರ ನಡುವೆ, ತಿರುಗಣಿಗೆ ಹಿಡಿದಂತೆ ನುಣುಪಾಗಿ ಹೊಳೆಯುವ ಕರಿಕಲ್ಲಿನ ಪಟ್ಟಿಯಲ್ಲಿ, ಮಸುಕಾಗಿ ಒಂದು ಮುಖ ಕಂಡಿತು. ಅವನದೇ. ಆಕೆ ನೋಡಲು ಕರೆದದ್ದು ಹಂಸವನ್ನೋ, ಬಳ್ಳಿಯನ್ನೋ, ಇದನ್ನೋ? ಎರಡು ಹೆಜ್ಜೆ ಮುಂದೆ ಬಂದಿದ್ದರೆ ಗೊತ್ತಾಗುತ್ತಿತ್ತು. ಮೂರನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಮೂರೂ ಒಂದೇ ಸಮ ತಣ್ಣಗಿದ್ದವು.

ಹಿಂದೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಗಂಡ, ಹೆಂಡತಿ, ದಾವಣಗೆರೆ ಕಡೆಯವರು ಇರಬೇಕು. ಕೈಯಲ್ಲಿ ಸಾಬೂನಿನ ಬಿಲ್ಲೆಯಷ್ಟು ಸಣ್ಣ ಕ್ಯಾಮೆರಾ. ಸಮಿತಿಯವರು ಅಷ್ಟು ವರ್ಷ ದಾರಿ ನೋಡಿದ ಪ್ರವಾಸಿಗರು ಕಡೆಗೂ ಬಂದಿದ್ದರು.

"ಅಜ್ಜಾರೆ, ಸ್ವಲ್ಪ ಆ ಕಡೆ ಸರೀರಿ, ಕಂಬದ ಫೋಟೋ ತೆಗೀಬೇಕು" ಎಂದ ಆ ಮನುಷ್ಯ.

ಮರುಳಪ್ಪ ತಿರುಗಲಿಲ್ಲ. ಬಗ್ಗಿಸಿದ ಮೊಣಕಾಲನ್ನು ನೆಟ್ಟಗೆ ಮಾಡಲೂ ಇಲ್ಲ.

"ಇರ್ಲಿ ತಗೀರಿ ತಮ್ಮಾ" ಎಂದ, ಕಲ್ಲಿನ ಕಡೆಗೇ. "ಅಳತಿಗೆ ಬೇಕಾಗತೈತಿ. ನಾ ಅಲುಗಂಗಿಲ್ಲ."