ಎರಡಡಿಯ ತಗಡು, ಹನ್ನೆರಡಡಿಯ ಮುಖ

ಬಸ್ಸಿನಿಂದ ಇಳಿದ ಮೊದಲ ದಿನವೇ ಈ ಊರಲ್ಲಿ ನನಗೆ ಕೈಮುಗಿದವರು ಕಡಿಮೆಯೆಂದರೂ ನಲವತ್ತು ಜನ. ಅವರಲ್ಲಿ ಒಬ್ಬರೂ ನನಗೆ ಗೊತ್ತಿರಲಿಲ್ಲ. ಎಲ್ಲರೂ ನೆಲದಿಂದ ಎರಡಾಳು ಎತ್ತರದಲ್ಲಿ, ಫ್ಲೆಕ್ಸಿನ ಮೇಲೆ, ಬಿಳಿ ಅಂಗಿ ತೊಟ್ಟು ಹಲ್ಲು ಬಿಟ್ಟುಕೊಂಡು ನಿಂತಿದ್ದರು. ನಡುವೆ ಒಂದು ದೊಡ್ಡ ಮುಖ, ಅದರ ಸುತ್ತ ಸಣ್ಣ ಮುಖಗಳು, ಕೆಳಗೆ "ಶುಭ ಕೋರುವವರು" ಎಂದು ಇನ್ನೂ ಸಣ್ಣ ಮುಖಗಳು. ನಾನು ಟ್ರಂಕು ಕೆಳಗಿಟ್ಟು ನಮ್ಮವರನ್ನು, ಅಂದರೆ ನನ್ನ ಗಂಡನನ್ನು, ಕೇಳಿದೆ: "ಇಷ್ಟೂ ಮಂದಿ ಒಂದ ದಿನ ಹುಟ್ಯಾರೇನ್ರೀ?"

ಗದಗ ಸೀಮೆಯಲ್ಲಿ ಫ್ಲೆಕ್ಸೇ ಇಲ್ಲ ಎಂದು ಸುಳ್ಳು ಹೇಳಲಾರೆ. ಇದೆ. ಆದರೆ ನಮ್ಮಲ್ಲಿ ಅದು ಜಾತ್ರೆಗೋ ಚುನಾವಣೆಗೋ ಬಂದು ಹೋಗುವ ನೆಂಟ. ಇಲ್ಲಿ ಅದು ಮನೆಮಂದಿ. ಮಗುವಿಗೆ ಕಿವಿ ಚುಚ್ಚಿದರೆ ಫ್ಲೆಕ್ಸು, ಹೊಸ ಟ್ರ್ಯಾಕ್ಟರ್ ತಂದರೆ ಫ್ಲೆಕ್ಸು, ಸತ್ತರೆ ಹನ್ನೊಂದನೆಯ ದಿನಕ್ಕೆ ಫ್ಲೆಕ್ಸು. ಊರ ಹೆಸರು ಬರೆಯುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರರಲ್ಲಿ ನಿಮಗೆ ಇಷ್ಟ ಬಂದದ್ದನ್ನು ಅಂದುಕೊಳ್ಳಿ. ಹೆಸರು ಬರೆದರೆ ಇನ್ನೊಂದು ನೋಟಿಸು ಬಂದೀತು. ಈಗಾಗಲೇ ಬಂದಿರುವುದೇ ಸಾಕಾಗಿದೆ.

ನಮ್ಮವರಿಗೆ ಹತ್ತಿರದ ಬ್ಲಫ್ ಎಂಬ ಜಾಗದ ಜಲವಿದ್ಯುದಾಗಾರದಲ್ಲಿ ಕೆಲಸ. ಕ್ವಾರ್ಟರ್ಸ್ ಸಿಗಲಿಲ್ಲವೆಂದು ಬಾಡಿಗೆ ಮನೆ ಹುಡುಕಿದೆವು. ಮೂರು ಮನೆಯವರು "ಯಾವ ಜನ?" ಎಂದು ಬಾಗಿಲಲ್ಲೇ ಕೇಳಿ ಬಾಗಿಲಲ್ಲೇ ಕಳಿಸಿದರು. ನಾಲ್ಕನೆಯವರು ಸಾಕಮ್ಮ. ಗಂಡ ಇಲ್ಲ, ಗದ್ದೆ ಇದೆ, ದನಿ ಎರಡು ಬೀದಿಗೆ ಕೇಳುತ್ತದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾಡು ತಿಂತೀರಾ?" ಬಾಡು ಅಂದರೆ ಇಲ್ಲಿ ಮಾಂಸ. ಇಲ್ಲ ಅಂದರೆ ಮನೆ ಗ್ಯಾರಂಟಿ ಎಂದುಕೊಂಡು "ಇಲ್ರಿ, ನಾವು ಮುಟ್ಟಂಗಿಲ್ಲ" ಅಂದೆ. ಸಾಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯೋ ಪಾಪ, ಮತ್ತೆ ಏನ್ ತಿಂದು ಬದುಕ್ತಿಯವ್ವ?" ಎಂದು ಬೀಗದ ಕೈ ಕೊಟ್ಟರು. ಅವರ ಮನೆಯ ಹಿಂಭಾಗದ ಎರಡು ಕೋಣೆ, ಓಣಿಯಿಂದ ಒಳಗೆ ತಿರುಗಿ ಬರಬೇಕು, ಬೀದಿಗೆ ಕಾಣುವುದಿಲ್ಲ.

ಮಾತಿನ ಸಂಕಟ ಮನೆಯ ಸಂಕಟಕ್ಕಿಂತ ದೊಡ್ಡದಾಗಿತ್ತು. ನಮ್ಮಲ್ಲಿ ದಾರಿಗಡ್ಡ ಬಂದ ಎಮ್ಮೆಗೂ ರೀ ಹಚ್ಚಿ "ಸರೀರಿ" ಅನ್ನುತ್ತೇವೆ. ಇಲ್ಲಿ ಗುರುತಿಲ್ಲದ ತರಕಾರಿಯವಳು "ತಗೊಂಡ್ರೆ ತಗೊ, ಇಲ್ದಿದ್ರೆ ಬುಡು" ಅಂದಳು. ನಾನು ಸೊಪ್ಪು ಅಲ್ಲೇ ಬಿಟ್ಟು ಮನೆಗೆ ಬಂದು ಅತ್ತೆ. ಮರುದಿನ ಅದೇ ಹೆಂಗಸು ದಾರಿಯಲ್ಲಿ ತಡೆದು, "ನೆನ್ನೆ ಯಾಕಮ್ಮಿ ಅಂಗೆ ಓದೆ?" ಎಂದು ಎರಡು ಕಟ್ಟು ಸೊಪ್ಪು ಕೈಗೆ ತುರುಕಿ, ದುಡ್ಡು ಬೇಡವೆಂದು ಹೊರಟುಹೋದಳು. ಈ ಜನರ ಸಿಟ್ಟಿಗೂ ಪ್ರೀತಿಗೂ ಒಂದೇ ದನಿ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಮುದ್ದೆಯನ್ನು ಅಗಿಯದೆ ನುಂಗಲು ಕಲಿಯುವುದಕ್ಕೆ ಇನ್ನೂ ಆರು ತಿಂಗಳು.

ಆದರೂ ಹೊಟ್ಟೆ ರೊಟ್ಟಿಯನ್ನೇ ಬೇಡುತ್ತಿತ್ತು. ಊರಿಂದ ಬಿಳಿಜೋಳ ತರಿಸಿ, ಹಿಟ್ಟು ಮಾಡಿಸಿ, ಬಡಿಯಲು ಶುರು ಮಾಡಿದೆ. ಆ ಸದ್ದಿಗೆ ಸಾಕಮ್ಮ ಓಡಿ ಬಂದರು. "ಏನಮ್ಮಿ ಅದು, ಗೋಡೆ ಒಡೀತಿದ್ದೀಯಾ?" ಒಂದು ರೊಟ್ಟಿ ತಿಂದರು, ಎರಡು ಕಟ್ಟಿಸಿಕೊಂಡು ಹೋದರು. ಅವರ ಬಾಯಿಂದ ಬೀದಿಗೆ ಹಬ್ಬಿತು. ಸಕ್ಕರೆ ಕಾಯಿಲೆಯವರು ಬಂದರು. ಆಮೇಲೆ ನಮ್ಮ ಕಡೆಯವರೇ ಒಬ್ಬೊಬ್ಬರಾಗಿ ಬಂದರು. ಬ್ಯಾಂಕಿನವರು, ನರ್ಸುಗಳು, ಪೊಲೀಸು, ಮೇಷ್ಟ್ರು. ಹೊಸಿಲಲ್ಲಿ ನಿಂತು "ಏನ್ರಿ ಅಕ್ಕಾರ, ಆರಾಮಿದ್ದೀರೇನ್ರಿ?" ಎಂದು ಕೇಳಿದಾಗ ನನಗೆ ಆಗುತ್ತಿದ್ದ ಸಂತೋಷವನ್ನು ಮನೆಬಿಟ್ಟು ಬಂದವರಿಗಷ್ಟೇ ಹೇಳಬಹುದು. ರೊಟ್ಟಿ ಮಾರುವುದು ಒಂದು ನೆಪ. ದಿನಕ್ಕೆ ನಾಲ್ಕು ಸಲ ನನ್ನ ಮಾತು ನನ್ನ ಕಿವಿಗೆ ಬೀಳುತ್ತಿತ್ತು.

ಒಂದು ದಿನ ಚಿಕ್ಕರಸಿನಕೆರೆಯಲ್ಲಿ ಕೆಲಸಕ್ಕಿದ್ದ ಬಾಗಲಕೋಟೆಯ ಮೇಷ್ಟ್ರೊಬ್ಬರು ಬಸ್ಸು ಹತ್ತಿ ಬಂದು, ಓಣಿ ಓಣಿ ತಿರುಗಿ, ಮನೆ ಸಿಗದೆ ವಾಪಸ್ಸು ಹೋದರಂತೆ. ಅದು ಕಿವಿಗೆ ಬಿದ್ದ ದಿನ ನನಗೆ ಊಟ ಸೇರಲಿಲ್ಲ. ಹಳೇ ಡಬ್ಬಿಯ ತಗಡು ಬಿಡಿಸಿ, ಬಿಳಿ ಬಣ್ಣ ಬಳಿದು, ನನ್ನ ಕೈಯಾರೆ ಕೆಂಪಕ್ಷರದಲ್ಲಿ ಬರೆದೆ: "ಶಾಂತವ್ವನ ಬಿಳಿಜೋಳದ ರೊಟ್ಟಿ. ಒಳಗೆ ಬನ್ನಿ." ಎರಡಡಿ ಉದ್ದ, ಒಂದಡಿ ಅಗಲ. ಸಾಕಮ್ಮನ ಗೇಟಿಗೆ ತಂತಿಯಿಂದ ಕಟ್ಟಿದೆ. ನಲವತ್ನಾಲ್ಕು ವರ್ಷದಲ್ಲಿ ನನ್ನ ಹೆಸರು ರೇಷನ್ ಕಾರ್ಡಿನ ಹೊರಗೆ ಬಂದದ್ದು ಅದೇ ಮೊದಲು. ನಮ್ಮವರು ಡ್ಯೂಟಿಯಿಂದ ಬಂದು ನೋಡಿ, "ಚಲೋ ಬರದಿ" ಅಂದರು.

ಹದಿನೈದು ದಿನಕ್ಕೆ ಊರಿನ ಪೌರಾಡಳಿತ ಕಚೇರಿಯಿಂದ ನೋಟಿಸು ಬಂತು. ನನ್ನ ಹೆಸರಿಗಲ್ಲ, ಮನೆ ಮಾಲೀಕರಾದ ಸಾಕಮ್ಮನ ಹೆಸರಿಗೆ. ವಸತಿ ಪ್ರದೇಶದಲ್ಲಿ ಅನುಮತಿ ಇಲ್ಲದೆ ವಾಣಿಜ್ಯ ಫಲಕ ಹಾಕಿದ್ದೀರಿ, ಏಳು ದಿನದಲ್ಲಿ ತೆರವು ಮಾಡಿ, ಇಲ್ಲವಾದರೆ ಕಟ್ಟಡವನ್ನು ವಾಣಿಜ್ಯವೆಂದು ಪರಿಗಣಿಸಲಾಗುವುದು. ಅಂದರೆ ಕಂದಾಯ ಬೇರೆ, ಕರೆಂಟಿನ ಮೀಟರು ಬೇರೆ. ಸಾಕಮ್ಮನ ಮುಖ ಇಳಿಯಿತು. "ತೆಗುದ್ಬುಡವ್ವ. ನಂಗೆ ಕೋರ್ಟು ಕಚೇರಿ ಅಂದ್ರೆ ಕೈಕಾಲು ಆಡಾಕಿಲ್ಲ" ಅಂದರು. ತೆಗೆಯದಿದ್ದರೆ ಮನೆ ಬಿಡು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ನಾನು ತಗಡನ್ನು ಬಿಚ್ಚದೆ ಕಚೇರಿಗೆ ಹೋದೆ. ನೋಟಿಸು ಕೊಟ್ಟ ಇನ್ಸ್‌ಪೆಕ್ಟರು ಚಹಾ ಕುಡಿಯುತ್ತಿದ್ದರು. ಕೂರಲು ಹೇಳಿದರು, ಒಳ್ಳೆಯ ಮನುಷ್ಯನೇ.

"ನಮ್ಮ ಸಾಲಿನಾಗ ವಕೀಲರ ಬೋರ್ಡ್ ಐತ್ರಿ, ಡಾಕ್ಟರ್ ಬೋರ್ಡ್ ಐತ್ರಿ. ಅವರಿಗೆ ಯಾಕ ನೋಟಿಸ್ ಇಲ್ರಿ?"

"ಅವ್ರುದು ವೃತ್ತಿ ಕಣಮ್ಮ. ಎಸ್ರು, ಡಿಗ್ರಿ ಆಕ್ಕೊಬೋದು. ನಿಮ್ದು ವ್ಯಾಪಾರ."

"ರೊಟ್ಟಿ ಬಡಿಯಾಕ ಡಿಗ್ರಿ ಎಲ್ಲಿ ಕೊಡ್ತಾರ್ರಿ? ಹೇಳ್ರಿ, ಹೋಗಿ ತಗೊಂಡು ಬರ್ತೀನಿ."

ಪಕ್ಕದ ಮೇಜಿನವರು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಗೇಟಿನ ಎದುರಿನ ಲೈಟ್ ಕಂಬಕ್ಕೆ ಕಟ್ಟಿರುವ ಹುಟ್ಟುಹಬ್ಬದ ಫ್ಲೆಕ್ಸಿನ ಮಾತು ತೆಗೆದೆ. ಹನ್ನೆರಡಡಿ ಇದೆ. ಗಣೇಶನ ಹಬ್ಬಕ್ಕೂ ಮೊದಲು ಕಟ್ಟಿದ್ದು, ದೀಪಾವಳಿ ಕಳೆದರೂ ಆ ಮನುಷ್ಯನ ಹುಟ್ಟುಹಬ್ಬ ಮುಗಿದಿಲ್ಲ. ಓಣಿಯಿಂದ ಬರುವ ಸೈಕಲ್ಲು ಕಾಣದೆ ಒಂದು ಸಲ ಹಾಲಿನವನು ಬಿದ್ದೂ ಆಯಿತು. "ಅದು ವಸತಿ ಪ್ರದೇಶ ಅಲ್ಲೇನ್ರಿ? ಆ ಕಂಬ ಎಲ್ಲಿ ನಿಂತೈತ್ರಿ, ಆಕಾಶದಾಗ?"

ಇನ್ಸ್‌ಪೆಕ್ಟರು ಲೋಟ ಕೆಳಗಿಟ್ಟರು. ದನಿ ತಗ್ಗಿಸಿದರು. "ಅದು ಟೆಂಪರವರಿ ಕಣಮ್ಮ. ಫಂಕ್ಷನ್ನಿಂದು. ಅದುಕ್ಕೆ ಕೈ ಆಕುದ್ರೆ ನಾಳೆ ನಾನೇ ಟೆಂಪರವರಿ ಆಯ್ತೀನಿ."

ನಾನು ಎದ್ದು ಬಂದೆ. ಹೇಳಿ, ಇದಕ್ಕೆ ಏನನ್ನಬೇಕು? ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಜನ ಮಲಗುವ ಬೀದಿ ಸಂತೆಯಾಗಬಾರದು ನಿಜ. ಆದರೆ ಎರಡಡಿಯ ನಿಜ ಬೀದಿಗೆ ಭಾರವಾಗಿ, ಹನ್ನೆರಡಡಿಯ ಸುಳ್ಳು ಹಗುರವಾಗುವುದು ಯಾವ ನ್ಯಾಯ? ನಮ್ಮ ಕಡೆ ಓಣಿಗೊಂದು ರೊಟ್ಟಿ ಮಾರುವ ಮನೆ, ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿರುತ್ತಾರೆ, ಯಾರೂ ಕೇಳುವುದಿಲ್ಲ. ಕೇಳದಿರುವುದೂ ಸರಿಯಲ್ಲ ಎನ್ನಿ. ಕೇಳುವುದಾದರೆ ಕಂಬದಿಂದ ಶುರು ಮಾಡಲಿ ಅನ್ನುವುದಷ್ಟೇ ನನ್ನ ತಕರಾರು.

ಸಂಜೆ ತಂತಿ ಬಿಚ್ಚಿ ತಗಡನ್ನು ಮಂಚದ ಕೆಳಗೆ ತಳ್ಳಿದೆ. ಸಾಕಮ್ಮ ಗೇಟಿನ ಹತ್ತಿರ ನಿಂತು ನೋಡಿದರು. ಬರಬರುತ್ತಾ ಹೊಸಬರು ಬರುವುದು ನಿಂತಿತು. ಒಂದು ಸಲವಂತೂ ಹಳಬರೂ ಬಾರದೆ ಎರಡು ದಿನ ನನ್ನ ಜೊತೆ ಯಾರೂ ನನ್ನ ಮಾತಲ್ಲಿ ಮಾತಾಡಲಿಲ್ಲ, ನಮ್ಮವರದು ರಾತ್ರಿ ಪಾಳಿ ಬೇರೆ.

ಆ ತಿಂಗಳಲ್ಲೇ ಸಾಕಮ್ಮನ ಮಗಳ ಮದುವೆ. ಇಲ್ಲಿ ಮದುವೆಗಿಂತ ದೊಡ್ಡದು ಬೀಗರ ಊಟ. ಧಾರೆಯಾದ ಮೇಲೆ ಎರಡು ಕಡೆಯವರೂ ಕೂತು ಬಾಡೂಟ ಹೊಡೆಯುವ ದಿನ. ಮದುವೆಗೆ ಬರದಿದ್ದರೂ ಕ್ಷಮೆ ಇದೆ, ಬೀಗರ ಊಟಕ್ಕೆ ಬರದಿದ್ದರೆ ಮೂರು ವರ್ಷ ಮಾತಿಲ್ಲ. ಆ ದಿನ ಬೆಳಿಗ್ಗೆ ನೀರು ಹಾಕಲು ಹೊರಗೆ ಬಂದರೆ ನಮ್ಮ ಗೇಟಿನ ಮೇಲೆ ಹನ್ನೆರಡಡಿಯ ಫ್ಲೆಕ್ಸು! ಮೇಲೆ ಒಬ್ಬ ನಾಯಕರ ಮುಖ. ನಡುವೆ ಮದುಮಕ್ಕಳು. ಕೆಳಗೆ ಶುಭ ಕೋರುವವರ ಸಾಲಿನಲ್ಲಿ, ಎಲ್ಲರಿಗಿಂತ ದೊಡ್ಡದಾಗಿ, ನಾನು. ಬಾಡಿಗೆ ಕರಾರಿಗೆ ಕೊಟ್ಟಿದ್ದ ಫೋಟೋ, ಕಣ್ಣು ಅರ್ಧ ಮುಚ್ಚಿದೆ. ಅಡಿಯಲ್ಲಿ: "ಹುಬ್ಳಿ ರೊಟ್ಟಿ ಶಾಂತಮ್ಮ, ಇದೇ ಗೇಟು, ಹಿಂಭಾಗ."

ನನಗೆ ಮೈಯೆಲ್ಲ ಉರಿಯಿತು. "ಇದೇನ್ರಿ ಸಾಕಮ್ಮಾರ, ನನ್ನ ಕೇಳದ ನನ್ನ ಮಾರಿ ಹಾಕೀರಿ? ನಾ ಹುಬ್ಬಳ್ಳಿಯಾಕಿ ಅಲ್ರಿ, ಗದಗ!"

"ಯಾವ್ದಾದ್ರೇನವ್ವ, ಅಲ್ಲೇ ಅಲ್ವಾ ಎಲ್ಡೂವೆ," ಅಂದರು ಸಾಕಮ್ಮ. ತುಂಗಭದ್ರೆ ದಾಟಿದರೆ ಇಲ್ಲಿಯವರಿಗೆ ಎಲ್ಲವೂ ಹುಬ್ಬಳ್ಳಿಯೇ. "ರೇಗ್ಬ್ಯಾಡ ಕಣಮ್ಮಿ. ನಿನ್ ತಗಡು ಬಿಚ್ಚುಸ್ದಾಗಿಂದ ನಂಗೆ ಮುದ್ದೆ ಇಳೀತಿರ್ನಿಲ್ಲ. ಮ್ಯಾಲೆ ಒಂದು ಮುಖ ಐತೆ ನೋಡು, ಯಾವನು ಬತ್ತಾನೆ ಬರ್ಲಿ. ಮುಟ್ಟಾಕಿಲ್ಲ."

ಮುಟ್ಟಲೂ ಇಲ್ಲ. ಮೂರನೆಯ ವಾರ ಅದೇ ಇನ್ಸ್‌ಪೆಕ್ಟರು ಫ್ಲೆಕ್ಸಿನ ಕೆಳಗೆ ಬೈಕು ನಿಲ್ಲಿಸಿ, ತಲೆ ಎತ್ತಿ ಅದನ್ನು ಪೂರ್ತಿ ಓದಿ, ಒಳಗೆ ಬಂದರು. "ಬೋರ್ಡ್ ತೆಗುದ್ಬುಟ್ರಲ್ಲ, ಒಳ್ಳೇದಾಯ್ತು" ಎಂದು ಹೆಂಡತಿಯ ಸಕ್ಕರೆ ಕಾಯಿಲೆಗೆ ಹತ್ತು ರೊಟ್ಟಿ ಕಟ್ಟಿಸಿಕೊಂಡರು. ಕಾನೂನು ತೃಪ್ತಿಪಟ್ಟು ಹೋಯಿತು. ಬಾಗಲಕೋಟೆಯ ಮೇಷ್ಟ್ರೂ ಮನೆ ಕಂಡುಹಿಡಿದರು. ಫೋಟೋ ಯಾರೋ ಊರಿಗೆ ಕಳಿಸಿದರು, ಅಣ್ಣ ಫೋನು ಮಾಡಿ, "ಏನವಾ, ಹುಬ್ಬಳ್ಳಿಯಾಕಿ ಯಾವಾಗ ಆದಿ? ಶಾಂತಮ್ಮ ಅಂತ, ಮಾತೂ ಮಂಡ್ಯದ್ದ ಬರಾಕತ್ತೈತಿ" ಎಂದು ರೇಗಿಸಿದ. ನಾನು ಸಿಟ್ಟಿಗೆದ್ದು "ಬುಡು ಅತ್ಲಾಗೆ" ಅಂದುಬಿಟ್ಟೆ. ಆ ಕಡೆ ಅವನು ನಗುತ್ತಲೇ ಇದ್ದ.

ಸಾಕಮ್ಮನ ಪ್ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಇನ್ನೊಬ್ಬರ ಮುಖದ ನೆರಳಲ್ಲಿ, ನನ್ನದಲ್ಲದ ಊರಿನ ಹೆಸರಲ್ಲಿ, ಬಿಸಿಲಿಗೆ ಬಣ್ಣ ಹೋಗುವವರೆಗೆ ಬದುಕುವುದು ನನಗೆ ಬೇಡ. ನನಗೆ ನನ್ನ ಕೈಬರಹದ ಹಲಗೆಯೇ ಬೇಕು, ಅನುಮತಿ ಸಹಿತ ಬೇಕು. ಕಳೆದ ಸೋಮವಾರ ಕಚೇರಿಗೆ ಹೋಗಿ ಅರ್ಜಿ ನಮೂನೆ ಪಡೆದೆ. ಸಾಕಮ್ಮನೂ ಜೊತೆಗೆ ಬಂದರು. ಮಾಲೀಕರ ಒಪ್ಪಿಗೆಯ ಜಾಗದಲ್ಲಿ, ಕೋರ್ಟು ಕಚೇರಿ ಅಂದರೆ ಕೈಕಾಲು ಆಡದ ಆ ಹೆಂಗಸು, ಯಾರೂ ಹೇಳದೆಯೇ ಹೆಬ್ಬೆಟ್ಟು ಒತ್ತಿದರು.

ಒಂದೇ ತೊಡಕು ಬಂತು. "ಖಾಯಂ ವಿಳಾಸ" ಎಂದು ಒಂದು ಗೆರೆ ಇತ್ತು. ನಾನು ಗದಗಿನ ತವರಿನ ವಿಳಾಸ ಬರೆದೆ. ಬರೆದ ಮೇಲೆ ಏನೋ ತಪ್ಪು ಮಾಡಿದಂತಾಗಿ, ಅದರ ಕೆಳಗಿನ ಸಣ್ಣ ಜಾಗದಲ್ಲಿ ಸಾಕಮ್ಮನ ಗೇಟಿನ ವಿಳಾಸವನ್ನೂ ಬರೆದೆ.

ಗುಮಾಸ್ತ ಅರ್ಜಿಯನ್ನು ಹಿಂದಕ್ಕೆ ತಳ್ಳಿದ. "ಎಲ್ಡು ಇರಂಗಿಲ್ಲ ಕಣಮ್ಮ. ಒಂದು ಒಡ್ದಾಕಿ" ಎಂದು ಪೆನ್ನು ಮುಂದೆ ಹಿಡಿದ.

ಪೆನ್ನು ತೆಗೆದುಕೊಂಡೆ. ಮೇಲಿನದನ್ನು ನೋಡಿದೆ, ಕೆಳಗಿನದನ್ನು ನೋಡಿದೆ. ಸಾಕಮ್ಮ ಓದಲು ಬರದಿದ್ದರೂ ನನ್ನ ಕೈಯನ್ನೇ ನೋಡುತ್ತಿದ್ದರು. ಪೆನ್ನನ್ನು ಮೇಜಿನ ಮೇಲಿಟ್ಟು, "ನನ್ನ ಕೈಲಿ ಆಗಂಗಿಲ್ರಿ. ಬೇಕಾದ್ದು ನೀವ ಹೊಡದು ಹಾಕ್ರಿ" ಎಂದು ಹೇಳಿ, ಅರ್ಜಿಯನ್ನು ಹಾಗೆಯೇ ಕೊಟ್ಟು ಬಂದೆ.